ಫೇಸ್‌ಲಿಫ್ಟ್ ಆದ ಮೇಲಿನ ಮೊದಲ ವಾರಗಳು: ಹೊಲಿಗೆ, ಊತ, ಕಲೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗಾಯ ಮಾಯುತ್ತದೆ, ಹಣ್ಣು ಮಾಗುತ್ತದೆ ಎನ್ನುತ್ತೇವೆ. ಫೇಸ್‌ಲಿಫ್ಟ್, ಅಂದರೆ ಜೋತ ಮುಖವನ್ನು ಬಿಗಿ ಮಾಡುವ ಶಸ್ತ್ರಚಿಕಿತ್ಸೆ, ಮಾಡಿಸಿಕೊಂಡವರು ಈ ಎರಡಕ್ಕೂ ಕಾಯಬೇಕು. ಗಾಯ ಹೆಚ್ಚುಕಡಿಮೆ ಎರಡು ವಾರದಲ್ಲಿ ಮಾಯುತ್ತದೆ. ಅದು ಬಿಟ್ಟುಹೋದ ಕಲೆ ಮಾಗಲು ಒಂದು ವರ್ಷವಾದರೂ ಹಿಡಿಯುತ್ತದೆ. ಎರಡನ್ನೂ ಒಂದೇ ಎಂದು ತಿಳಿದವರು ಆರನೆಯ ವಾರ ಕನ್ನಡಿ ನೋಡಿ ಗಾಬರಿಯಾಗುತ್ತಾರೆ. ಗಾಯದ ಪಟ್ಟಿ ಬದಲಿಸುವ ಡ್ರೆಸ್ಸಿಂಗ್ ಕೋಣೆಯಲ್ಲಿ ಕೇಳಿಬರುವ ಪ್ರಶ್ನೆಗಳನ್ನು ಸುಮಾರಾಗಿ ಅವು ಬರುವ ಕ್ರಮದಲ್ಲೇ ಇಲ್ಲಿ ಇಟ್ಟಿದ್ದೇನೆ. ನಿಮ್ಮ ಶಸ್ತ್ರವೈದ್ಯರು ಬೇರೆ ಏನಾದರೂ ಹೇಳಿದ್ದರೆ ಅವರ ಮಾತನ್ನೇ ಕೇಳಿ. ನಿಮ್ಮ ಚರ್ಮದಡಿ ಏನು ನಡೆದಿದೆ ಎಂದು ಕಣ್ಣಾರೆ ಕಂಡವರು ಅವರು.

ಹೊಲಿಗೆ ಎಲ್ಲೆಲ್ಲಿ ಬರುತ್ತದೆ? ನೋಡಿದವರಿಗೆ ತಿಳಿಯುತ್ತದೆಯೇ?

ಕೆನ್ನೆಯ ಮೇಲೆ ಬರುವುದಿಲ್ಲ. ಗೆರೆ ಸಾಮಾನ್ಯವಾಗಿ ಕಿವಿಯ ಮೇಲಿನ ಕೂದಲಿನಲ್ಲಿ ಅಥವಾ ಕೂದಲಿನ ಅಂಚಿನಲ್ಲಿ ಶುರುವಾಗಿ, ಕಿವಿಯ ಮುಂದಿನ ಮಡಿಕೆಯಲ್ಲಿ ಇಳಿಯುತ್ತದೆ. ಅಲ್ಲಿಂದ ಹಾಲೆಯನ್ನು ಬಳಸಿಕೊಂಡು ಕಿವಿಯ ಹಿಂದಿನ ಸಂದಿಯಲ್ಲಿ ಏರಿ, ಹಿಂದಲೆಯ ಕೂದಲಿನಲ್ಲಿ ಮರೆಯಾಗುತ್ತದೆ. ಕತ್ತನ್ನೂ ಬಿಗಿ ಮಾಡಿದ್ದರೆ ಗದ್ದದ ಅಡಿಯಲ್ಲಿ ಇನ್ನೊಂದು ಪುಟ್ಟ ಗೆರೆ ಇರಬಹುದು.

ಹಿಂದೆ ಚರ್ಮವನ್ನಷ್ಟೇ ಎಳೆದು ಹೊಲಿಯುತ್ತಿದ್ದರು. ಎಳೆತವೆಲ್ಲ ಹೊಲಿಗೆಯ ಮೇಲೆ ಬಿದ್ದು ಕಲೆ ಅಗಲವಾಗುತ್ತಿತ್ತು. ಚರ್ಮದಡಿ ಸ್ನಾಯುಗಳ ಜೊತೆ ಹೆಣೆದುಕೊಂಡ ನಾರಿನಂಥ ಪದರವೊಂದನ್ನು ಫ್ರಾನ್ಸಿನ ಮಿಟ್ಜ್ ಮತ್ತು ಪೇರೋನಿ 1976ರಲ್ಲಿ ವಿವರಿಸಿದರು. ವೈದ್ಯರು ಅದನ್ನು ‘ಸ್ಮಾಸ್’ ಎಂದು ಕರೆಯುತ್ತಾರೆ. ಎಳೆಯುವ ಭಾರವನ್ನು ಈ ಪದರಕ್ಕೆ ಹೊರಿಸಿ, ಮೇಲಿನ ಚರ್ಮವನ್ನು ಸಡಿಲವಾಗಿ ಕೂರಿಸಿ ಹೊಲಿಯುವುದು ಈಗಿನ ರೂಢಿ. ಕಲೆ ತೆಳುವಾಗಿ ಬರುವುದರ ಅರ್ಧ ಗುಟ್ಟು ಇದರಲ್ಲೇ ಇದೆ. ಕ್ರೀಮುಗಳ ಪಾಲು ಅದಕ್ಕಿಂತ ತೀರಾ ಕಡಿಮೆ.

ಮನೆಗೆ ಬಂದ ಮೊದಲ ರಾತ್ರಿ ಯಾವುದಕ್ಕೆ ಹೆದರಬೇಕು?

ಒಂದೇ ಒಂದಕ್ಕೆ: ಚರ್ಮದಡಿ ರಕ್ತ ತುಂಬಿಕೊಳ್ಳುವುದು. ವೈದ್ಯರು ಇದನ್ನು ಹೆಮಟೋಮಾ ಎನ್ನುತ್ತಾರೆ. ಫೇಸ್‌ಲಿಫ್ಟ್ ನಂತರ ಹೆಚ್ಚಾಗಿ ಕಾಣುವ ತೊಡಕು ಇದೇ, ಬಹುಪಾಲು ಮೊದಲ 24 ಗಂಟೆಗಳಲ್ಲೇ ಕಾಣಿಸಿಕೊಳ್ಳುತ್ತದೆ. ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಗಡ್ಡದ ಬೇರುಗಳಿಗೆ ರಕ್ತ ಒಯ್ಯುವ ನಾಳಗಳು ಅವರ ಚರ್ಮದಲ್ಲಿ ದಟ್ಟವಾಗಿರುವುದು ಅದಕ್ಕೆ ಒಂದು ಕಾರಣ.

ಗುರುತಿಸುವುದು ಕಷ್ಟವಲ್ಲ. ಎರಡೂ ಕೆನ್ನೆ ಸಮನಾಗಿ ಊದಿಕೊಂಡಿದ್ದರೆ ಅದು ನಿರೀಕ್ಷಿತ. ಒಂದೇ ಕಡೆ ಇದ್ದಕ್ಕಿದ್ದಂತೆ ಉಬ್ಬಿ, ಗಟ್ಟಿಯಾಗಿ, ಸಿಡಿಯುವಂಥ ನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ಸರಿ, ಫೋನ್ ಮಾಡಿ, ಗಾಡಿ ಹತ್ತಿ. ಒಳಗೆ ಸೇರಿದ ರಕ್ತ ಮೇಲಿನ ಚರ್ಮಕ್ಕೆ ರಕ್ತ ಸಿಗದಂತೆ ಮಾಡಬಲ್ಲದು. ಬೇಗ ತೆರೆದು ಹೊರಹಾಕಿದರೆ ಸಾಮಾನ್ಯವಾಗಿ ಗುರುತೂ ಉಳಿಯುವುದಿಲ್ಲ. ತಡವಾದರೆ ಚರ್ಮದ ತುಂಡೇ ಸತ್ತುಹೋಗಬಹುದು. “ಡಾಕ್ಟರಿಗೆ ನಿದ್ದೆ ಕೆಡಿಸುವುದು ಬೇಡ ಅಂದುಕೊಂಡೆವು” ಎನ್ನುವ ಸೌಜನ್ಯ ಇಲ್ಲಿ ದುಬಾರಿಯಾಗುತ್ತದೆ.

ರಕ್ತದೊತ್ತಡ ಏರಿದರೆ ಈ ಅಪಾಯವೂ ಏರುತ್ತದೆ. ಬಿ.ಪಿ. ಮಾತ್ರೆಯನ್ನು ಹೇಳಿದ ಹೊತ್ತಿಗೆ ತಪ್ಪದೆ ತೆಗೆದುಕೊಳ್ಳಿ. ವಾಂತಿ, ಕೆಮ್ಮು, ಮಲಬದ್ಧತೆಯಿಂದ ತಿಣುಕುವುದು, ಮಂಚದ ಕೆಳಗಿನ ಚಪ್ಪಲಿಗೆ ಬಗ್ಗುವುದು, ನೋಡಲು ಬಂದವರ ಜೊತೆ ಗಂಟೆಗಟ್ಟಲೆ ಮಾತು, ಇವೆಲ್ಲವೂ ಮುಖಕ್ಕೆ ರಕ್ತ ನುಗ್ಗಿಸುತ್ತವೆ. ನೆಂಟರಿಗೆ ಹದಿನೈದು ದಿನ ಬಿಟ್ಟು ಬರಲು ಹೇಳಿ.

ನೋವು ಎಷ್ಟಿರುತ್ತದೆ?

ಜನ ಎಣಿಸಿದ್ದಕ್ಕಿಂತ ಕಡಿಮೆ. ಬಿಗಿತ ಜಾಸ್ತಿ. ಕಿವಿಯಿಂದ ಕಿವಿಗೆ ಬಿಗಿಯಾದ ಪಟ್ಟಿ ಕಟ್ಟಿದಂತೆ ಎಂದು ಹಲವರು ಹೇಳುತ್ತಾರೆ. ಬರೆದುಕೊಟ್ಟ ಮಾತ್ರೆಗಷ್ಟೇ ನಿಲ್ಲಿ. ಮನೆಯಲ್ಲಿರುವ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ, ಕೇಳದೆ ನುಂಗಬೇಡಿ. ಹೃದಯದ ತೊಂದರೆಗೆ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ನೀವೇ ನಿಲ್ಲಿಸಲೂಬೇಡಿ. ಅದನ್ನು ನಿಮ್ಮ ಹೃದಯದ ವೈದ್ಯರೂ ಶಸ್ತ್ರವೈದ್ಯರೂ ಮಾತಾಡಿಕೊಂಡು ತೀರ್ಮಾನಿಸಬೇಕು.

ಮೂರನೆಯ ದಿನ ಕನ್ನಡಿ ನೋಡಿ ಅತ್ತುಬಿಟ್ಟೆ. ಇದು ನನ್ನ ಮುಖವೇ?

ನಿಮ್ಮದೇ, ಸದ್ಯಕ್ಕೆ ನೀರು ತುಂಬಿಕೊಂಡಿದೆ. ಊತ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ತುತ್ತತುದಿ ಮುಟ್ಟುತ್ತದೆ. ಅರಿವಳಿಕೆಯ ಮಂಪರು, ನಿದ್ದೆಗೇಡು, ಒಂದೇ ಭಂಗಿಯಲ್ಲಿ ಒರಗಿ ಬಿದ್ದಿರುವ ಬೇಸರ, ಇವೆಲ್ಲ ಸೇರುವುದು ಅದೇ ಹೊತ್ತಿಗೆ. “ಸುಮ್ಮನಿದ್ದ ಮುಖಕ್ಕೆ ಯಾಕೆ ಕೈ ಹಾಕಿಸಿಕೊಂಡೆ” ಎಂದು ಆ ದಿನಗಳಲ್ಲಿ ಅನ್ನಿಸದವರು ವಿರಳ. ಅಳು ಬಂದರೆ ಅತ್ತುಬಿಡಿ, ಕಣ್ಣೀರಿನಿಂದ ಹೊಲಿಗೆ ಬಿಚ್ಚುವುದಿಲ್ಲ. ಬಿಕ್ಕಿ ಬಿಕ್ಕಿ ಅಳುವುದು ಮಾತ್ರ ಬೇಡ, ಬಿ.ಪಿ.ಯ ಮಾತು ಆಗಲೇ ಹೇಳಿದೆ. ಎರಡು ವಾರ ಕಳೆದರೂ ಮನಸ್ಸು ಏಳದಿದ್ದರೆ ವೈದ್ಯರಿಗೆ ಅದನ್ನೂ ಹೇಳಿ.

ಚರ್ಮದಡಿ ಇಂಗಿದ ರಕ್ತ ಮೊದಲು ನೇರಳೆ, ಆಮೇಲೆ ಹಸಿರು, ಕೊನೆಗೆ ಅರಿಶಿನದ ಬಣ್ಣಕ್ಕೆ ತಿರುಗುತ್ತದೆ. ಅದು ಕೆಳಗಿಳಿಯುವುದೂ ಉಂಟು. ಕೆನ್ನೆಗೆ ಮಾಡಿದ ಶಸ್ತ್ರಚಿಕಿತ್ಸೆಗೆ ಎದೆಯ ಮೇಲ್ಭಾಗ ಹಳದಿಯಾಯಿತಲ್ಲ ಎಂದು ಗಾಬರಿ ಬೇಡ, ಭೂಮಿಯ ಸೆಳೆತಕ್ಕೆ ಇಳಿದಿದೆ ಅಷ್ಟೆ. ತಲೆಯನ್ನು ಎರಡು ಮೂರು ದಿಂಬಿನ ಎತ್ತರದಲ್ಲಿಟ್ಟು ಅಂಗಾತ ಮಲಗಿ, ಎರಡು ವಾರ. ಮಗ್ಗುಲಾಗುವ ಅಭ್ಯಾಸವಿದ್ದರೆ ಅಕ್ಕಪಕ್ಕ ದಿಂಬು ಒತ್ತರಿಸಿ. ಕತ್ತು ಮುಂದಕ್ಕೆ ಮಡಚಿಕೊಳ್ಳುವಷ್ಟು ದಪ್ಪ ದಿಂಬು ಮಾತ್ರ ಬೇಡ.

ಹೊಲಿಗೆ ಯಾವಾಗ ತೆಗೆಯುತ್ತಾರೆ? ಇನ್ನಷ್ಟು ದಿನ ಇಟ್ಟರೆ ಭದ್ರವಲ್ಲವೇ?

ಕಿವಿಯ ಮುಂದಿನದು ಸಾಮಾನ್ಯವಾಗಿ 5ರಿಂದ 7 ದಿನಕ್ಕೆ, ಕಿವಿಯ ಹಿಂದಿನದು ಮತ್ತು ಕೂದಲೊಳಗಿನ ಸ್ಟೇಪಲ್‌ಗಳು 7ರಿಂದ 14 ದಿನದೊಳಗೆ. ಒಳಗಿನ ರಕ್ತ, ನೀರು ಹೊರಹೋಗಲೆಂದು ಚರ್ಮದಡಿ ಕೊಳವೆ ಇಟ್ಟಿದ್ದರೆ ಅದನ್ನು ಒಂದೆರಡು ದಿನದಲ್ಲೇ ತೆಗೆಯುತ್ತಾರೆ. ಹೆಚ್ಚು ದಿನ ಇಟ್ಟರೆ ಭದ್ರ ಎನ್ನುವುದು ಬಟ್ಟೆಯ ಲೆಕ್ಕ. ಚರ್ಮ ದಾರದ ಸುತ್ತ ಬೆಳೆದು, ಗೆರೆಯ ಎರಡೂ ಬದಿ ರೈಲುಹಳಿಯ ಅಡ್ಡಪಟ್ಟಿಗಳಂಥ ಗುರುತು ಉಳಿಯುತ್ತದೆ. ಊರಿಗೆ ಹೋಗಬೇಕು, ಮುಂದಿನ ವಾರ ಬರುತ್ತೇನೆ ಎಂದು ದಿನ ಮುಂದೂಡಬೇಡಿ. ಒಳಗಿನ ಹೊಲಿಗೆ ತಾನೇ ಕರಗುತ್ತದೆ. ಅದರ ತುದಿಯೊಂದು ಕೆಲವು ವಾರಗಳ ನಂತರ ಮೊಡವೆಯಂತೆ ಎದ್ದು ಹೊರಬರಬಹುದು; ಕೀಳಬೇಡಿ, ತೋರಿಸಿ.

ತಲೆಸ್ನಾನ?

ವೈದ್ಯರ ಒಪ್ಪಿಗೆಯಿದ್ದರೆ ಎರಡು ಮೂರು ದಿನಕ್ಕೆ, ಉಗುರುಬೆಚ್ಚಗಿನ ನೀರು, ಮಕ್ಕಳ ಶಾಂಪೂ. ಒಣ ರಕ್ತ ಅಂಟಿಕೊಂಡ ಹೊಲಿಗೆಗಿಂತ ಶುಚಿಯಾದ ಹೊಲಿಗೆ ಚೆನ್ನಾಗಿ ಕೂಡುತ್ತದೆ. ಹಬ್ಬದ ಎಣ್ಣೆಸ್ನಾನ, ಹಂಡೆಯ ಸುಡುನೀರು, ಸೀಗೆಪುಡಿ ತಿಕ್ಕುವುದು ಕನಿಷ್ಠ ಒಂದೂವರೆ ತಿಂಗಳು ಬೇಡ.

ಮೂರನೆಯ ವಾರ ಗೆರೆ ಚೆನ್ನಾಗಿತ್ತು. ಆರನೆಯ ವಾರ ಕೆಂಪಾಗಿ, ದಪ್ಪವಾಗಿ, ತುರಿಸುತ್ತಿದೆ. ಏನಾದರೂ ಎಡವಟ್ಟಾಯಿತೇ?

ಬಹುತೇಕ ಇಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವಿರಾದರೆ ಇದನ್ನು ಓದಿ.

ಮೊದಲ ನಾಲ್ಕೈದು ದಿನ ದೇಹ ಗಾಯವನ್ನು ಗುಡಿಸಿ ಶುಚಿ ಮಾಡುತ್ತದೆ. ಆಮೇಲೆ ಕೊಲಾಜೆನ್ ಎಂಬ ನಾರನ್ನು ಅವಸರದಲ್ಲಿ ಸುರಿಯುತ್ತದೆ. ಕೈಗೆ ಸಿಕ್ಕ ಸೊಪ್ಪುಸದೆಯಿಂದ ಬೇಲಿ ಕಟ್ಟಿದ ಹಾಗೆ, ಅಚ್ಚುಕಟ್ಟಿಗಿಂತ ಮುಚ್ಚುವುದು ಮುಖ್ಯ. ಈ ನಾರು ಸುರಿಯಲು ಹೊಸ ರಕ್ತನಾಳಗಳು ಬೇಕು, ಅದಕ್ಕೇ ಕೆಂಪು. ನಾರು ಜಾಸ್ತಿಯಾಗಿ ಬೀಳುವುದರಿಂದ ಗಟ್ಟಿ, ಉಬ್ಬು. ನಾಲ್ಕರಿಂದ ಎಂಟನೆಯ ವಾರದೊಳಗೆ ಇದು ಜೋರಾಗುವುದು ಸಾಮಾನ್ಯ. ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ದೇಹ ಈ ಒರಟು ನಾರನ್ನು ಕಿತ್ತು, ಬಲವಾದ ಇನ್ನೊಂದು ಬಗೆಯ ನಾರನ್ನು ಸಾಲಾಗಿ ಜೋಡಿಸುತ್ತದೆ. ಬೇಡವಾದ ರಕ್ತನಾಳಗಳು ಮುಚ್ಚಿಹೋಗುತ್ತವೆ, ಗೆರೆ ಬೆಳ್ಳಗೆ ಚಪ್ಪಟೆಯಾಗುತ್ತದೆ. ಇದೇ ಮಾಗುವಿಕೆ.

ಗಟ್ಟಿತನದ ಲೆಕ್ಕವೂ ಹೀಗೇ. ಮೂರನೆಯ ವಾರದಲ್ಲಿ ಗಾಯಕ್ಕೆ ಮೂಲ ಚರ್ಮದ ಬಲದ ಸುಮಾರು ಐದನೆಯ ಒಂದು ಭಾಗ ಮಾತ್ರ ಬಂದಿರುತ್ತದೆ. ಪೂರ್ತಿ ಮಾಗಿದ ಮೇಲೂ ಅದು ಶೇಕಡಾ 80ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಹೊರಗೆ ಒಣಗಿ ಕಂಡ ಮಾತ್ರಕ್ಕೆ ಮೂರನೆಯ ವಾರವೇ ಜಿಮ್ಮಿಗೆ ಹೋಗಿ ಭಾರ ಎತ್ತಬಾರದು ಎನ್ನುವುದು ಇದಕ್ಕೇ.

ತುರಿಕೆ ಕೆಲಸ ನಡೆಯುತ್ತಿರುವುದರ ಸೂಚನೆ. ಉಗುರು ಹಾಕಬೇಡಿ, ಹಕ್ಕಳೆ ಕೀಳಬೇಡಿ. ತಣ್ಣನೆಯ ಒದ್ದೆ ಬಟ್ಟೆ ಒತ್ತಿ, ವೈದ್ಯರು ಹೇಳಿದ ಮುಲಾಮು ಸವರಿ.

ಅರಿಶಿನ ಹಚ್ಚಲೇ? ಕೊಬ್ಬರಿ ಎಣ್ಣೆ? ತುಪ್ಪ?

ಅಜ್ಜಿಯ ಮದ್ದಿನ ಮೇಲೆ ನನಗೆ ಕೋಪವಿಲ್ಲ. ಅಡುಗೆಮನೆಯ ಅರಿಶಿನ ಶುಚಿಗೊಳಿಸಿದ ಔಷಧಿಯಲ್ಲ, ಹಸಿ ಗಾಯದ ಸಂದಿಗೆ ಆ ಪುಡಿ ಸೇರಿದರೆ ಸೋಂಕಿಗೂ ಅಲರ್ಜಿಗೂ ದಾರಿ. ಅದರ ಹಳದಿ ಕೂತುಬಿಟ್ಟರೆ, ಚರ್ಮ ಕೆಂಪಾಗಿದೆಯೋ ಕಪ್ಪಾಗುತ್ತಿದೆಯೋ ನೋಡುವ ವೈದ್ಯರಿಗೂ ತಿಳಿಯದು. ಹಾಲಿಗೆ ಹಾಕಿ ಕುಡಿಯಿರಿ, ಬೇಡ ಎನ್ನುವುದಿಲ್ಲ. ಅರಿಶಿನದ ಸಾರ ತುಂಬಿದ ಕ್ಯಾಪ್ಸೂಲ್ ಬೇರೆ ಮಾತು, ಅದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರಿಗೆ ತಿಳಿಸಿರಬೇಕು.

“ಸುಶ್ರುತನೇ ಜೇನನ್ನೂ ತುಪ್ಪವನ್ನೂ ಹೇಳಿದ್ದಾನಲ್ಲ” ಎಂದು ಕೇಳುವವರಿದ್ದಾರೆ. ಹೇಳಿದ್ದಾನೆ, ನಿಜ. ಹರಿದ ಕಿವಿಯನ್ನು ಕೂಡಿಸಿ ಜೇನನ್ನೂ ತುಪ್ಪವನ್ನೂ ಸವರಿ ಹತ್ತಿಬಟ್ಟೆ ಸುತ್ತುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ, ಹಾಲೆಯಿಲ್ಲದವರಿಗೆ ಕೆನ್ನೆಯ ಚರ್ಮದಿಂದ ಹಾಲೆ ಕಟ್ಟುವ ವಿಧಾನವೂ ಇದೆ. ನಮ್ಮ ಶಸ್ತ್ರವೈದ್ಯರು ಹೆಮ್ಮೆಯಿಂದ ನೆನೆಯುವ ಪುಟಗಳು ಅವು. ಜೇನನ್ನು ಇವತ್ತಿಗೂ ಕೆಲವು ಗಾಯಗಳಿಗೆ ಹಾಕುತ್ತಾರೆ, ಆದರೆ ಅದು ವಿಕಿರಣದಿಂದ ಶುದ್ಧಗೊಳಿಸಿದ ವೈದ್ಯಕೀಯ ಜೇನು. ಡಬ್ಬಿಯಲ್ಲಿರುವ ಜೇನು ದೋಸೆಗೆ ಚೆನ್ನ.

ವಿಟಮಿನ್ ಇ ಕ್ಯಾಪ್ಸೂಲ್ ಚುಚ್ಚಿ ಸವರುವುದು ಪೇಟೆಯ ಮನೆಮದ್ದು. 1999ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಅದರಿಂದ ಕಲೆಗೆ ಲಾಭ ಕಾಣಲಿಲ್ಲ, ಹಚ್ಚಿಕೊಂಡವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಚರ್ಮ ಕೆರಳಿತು. ಕೊಬ್ಬರಿ ಎಣ್ಣೆ ಗಾಯ ಪೂರ್ತಿ ಮುಚ್ಚಿದ ಮೇಲೆ ತೇವ ಹಿಡಿಯಲು ಆಗುತ್ತದೆ, ಕಲೆ ಅಳಿಸಲು ಆಗುವುದಿಲ್ಲ.

ಹಾಗಾದರೆ ಹಚ್ಚುವುದು ಏನನ್ನು?

ಮೊದಲ ಒಂದೆರಡು ವಾರ ಹೊಲಿಗೆಯ ಮೇಲೆ ತೆಳುವಾಗಿ ವೈದ್ಯರು ಕೊಟ್ಟ ಮುಲಾಮು ಅಥವಾ ಬರೀ ಪೆಟ್ರೋಲಿಯಂ ಜೆಲ್ಲಿ. ಗಾಯ ಒಣಗಬೇಕು ಎಂದು ಗಾಳಿಗೆ ಬಿಡುವ ಹಳೆಯ ಪದ್ಧತಿಗಿಂತ ತುಸು ತೇವವಾಗಿಟ್ಟ ಗಾಯ ಬೇಗ ಮುಚ್ಚುತ್ತದೆ. ಹಕ್ಕಳೆಗಳೆಲ್ಲ ಉದುರಿ ಚರ್ಮ ಪೂರ್ತಿ ಮುಚ್ಚಿದ ಮೇಲೆ, ಅಂದರೆ ಸುಮಾರು ಎರಡರಿಂದ ಮೂರು ವಾರಕ್ಕೆ, ಸಿಲಿಕೋನ್ ಜೆಲ್ ಅಥವಾ ಅಂಟಿಸುವ ಸಿಲಿಕೋನ್ ಹಾಳೆ ಶುರು. ಜೆಲ್ಲಾದರೆ ದಿನಕ್ಕೆ ಎರಡು ಸಲ, ಹಾಳೆಯಾದರೆ ದಿನಕ್ಕೆ 12 ಗಂಟೆಗಿಂತ ಹೆಚ್ಚು, ಎರಡು ಮೂರು ತಿಂಗಳು ಬಿಡದೆ. ಕಿವಿಯ ಸುತ್ತ ಹಾಳೆ ಅಂಟುವುದಿಲ್ಲ, ಜೆಲ್ಲೇ ಅನುಕೂಲ. ದಪ್ಪಗೆ ಬಳಿದರೆ ಒಣಗದೆ ದಿಂಬಿಗೆ ಹೋಗುತ್ತದೆ, ದುಡ್ಡೂ ಹೋಗುತ್ತದೆ.

ವೈದ್ಯರು ಸರಿ ಎಂದ ಮೇಲೆ ಬೆರಳ ತುದಿಯಿಂದ ಗೆರೆಯನ್ನು ಮೆಲ್ಲಗೆ ಒತ್ತಿ ನೀವುವುದೂ ಒಳ್ಳೆಯದು. ರೊಟ್ಟಿ ತಟ್ಟುವ ಬಲ ಬೇಡ.

ನಮ್ಮ ಬಣ್ಣದ ಚರ್ಮಕ್ಕೆ ಬೇರೆ ಎಚ್ಚರ ಬೇಕೇ?

ಬೇಕು. ಇಂಟರ್‌ನೆಟ್ಟಿನಲ್ಲಿ ಸಿಗುವ ಚಿತ್ರಗಳು ಹೆಚ್ಚಾಗಿ ಬಿಳಿ ಚರ್ಮದವು, ಅಲ್ಲಿ ಗೆರೆ ಗುಲಾಬಿಯಿಂದ ಬಿಳಿಗೆ ಹೋಗುತ್ತದೆ. ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ಕೆಂಪಿನ ಜೊತೆ ಕಂದು ಕಪ್ಪು ಛಾಯೆಯೂ ಸೇರುತ್ತದೆ, ಬಿಸಿಲು ಬಿದ್ದರೆ ಅದು ಕೂತುಬಿಡುತ್ತದೆ. ಮಲೆನಾಡಿನ ಮೋಡದಲ್ಲೂ ಕಲಬುರಗಿಯ ಬಿಸಿಲಲ್ಲೂ ನಿಯಮ ಒಂದೇ: ಗಾಯ ಮುಚ್ಚುವವರೆಗೆ ಕೊಡೆ, ಸೆರಗು, ಅಗಲ ಅಂಚಿನ ಟೋಪಿ, ಮುಚ್ಚಿದ ಮೇಲೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್, ಒಂದು ವರ್ಷ.

ಇನ್ನೊಂದು, ಕೀಲಾಯ್ಡ್. ಮೊದಲ ಗೆರೆಯ ಮೇರೆಯೊಳಗೇ ಉಬ್ಬಿದ ಕಲೆ ಕಾಲಕ್ರಮೇಣ ತಗ್ಗಬಹುದು. ಮೇರೆ ದಾಟಿ ಪಕ್ಕದ ಒಳ್ಳೆಯ ಚರ್ಮಕ್ಕೂ ಹಬ್ಬಿದರೆ ಅದು ಕೀಲಾಯ್ಡ್, ತಾನಾಗಿ ಇಳಿಯುವುದು ಅಪರೂಪ. ಕಪ್ಪು ಚರ್ಮದವರಲ್ಲಿ ಇದು ಹೆಚ್ಚು, ಕಿವಿಯ ಹಾಲೆ ಅದಕ್ಕೆ ಮೆಚ್ಚಿನ ಜಾಗ. ಕಿವಿ ಚುಚ್ಚಿಸಿದಾಗ ನಿಮಗೋ ನಿಮ್ಮ ತಾಯಿಗೋ ಅಕ್ಕನಿಗೋ ಗಂಟು ಬೆಳೆದಿತ್ತೇ? ಶಸ್ತ್ರಚಿಕಿತ್ಸೆಗೆ ಮೊದಲೇ ಹೇಳಬೇಕಾದ ಮಾತು ಅದು. ಉಬ್ಬು ಕಂಡ ಕೂಡಲೇ ಸ್ಟೀರಾಯ್ಡ್ ಚುಚ್ಚುಮದ್ದು ಶುರು ಮಾಡಿದರೆ ಹಿಡಿತಕ್ಕೆ ಬರುತ್ತದೆ, ಕಾದಷ್ಟೂ ಕಷ್ಟ.

ಕಿವಿ ಮರಗಟ್ಟಿದಂತಿದೆ. ಓಲೆ ಯಾವಾಗ ಹಾಕಬಹುದು?

ಹಾಲೆಗೂ ಕೆನ್ನೆಯ ಹಿಂಭಾಗಕ್ಕೂ ಸ್ಪರ್ಶಜ್ಞಾನ ಕೊಡುವ ನರವೊಂದು ಕತ್ತಿನ ಪಕ್ಕದಲ್ಲಿ ಮೇಲೇರುತ್ತದೆ. ಚರ್ಮ ಎಬ್ಬಿಸುವಾಗ ಸಣ್ಣ ಎಳೆಗಳು ಕತ್ತರಿಸಿಹೋಗುತ್ತವೆ. ಜೋಮು ವಾರಗಳಿಂದ ತಿಂಗಳುಗಳವರೆಗೆ ಇರಬಹುದು, ಮರಳುವಾಗ ಇರುವೆ ಹರಿದಂತೆ, ಸಣ್ಣ ಮಿಂಚು ಹೊಡೆದಂತೆ ಅನ್ನಿಸುತ್ತದೆ. ಅಪಾಯ ಇರುವುದು ಜೋಮಿನ ಕಿವಿಗೆ ಬಿಸಿ ತಾಗಿದರೂ ಗೊತ್ತಾಗದಿರುವುದರಲ್ಲಿ. ಕೂದಲು ಒಣಗಿಸುವ ಯಂತ್ರವನ್ನು ತಣ್ಣನೆಯ ಗಾಳಿಗೆ ಇಡಿ, ಬಿಸಿನೀರಿನ ಚೀಲವಂತೂ ಬೇಡವೇ ಬೇಡ, ಮಂಜುಗಡ್ಡೆಯನ್ನು ನೇರವಾಗಿ ಇಡಬೇಡಿ.

ಹಗುರ ಓಲೆಗೆ ಒಂದು ತಿಂಗಳಾದರೂ ಬಿಡಿ. ಜುಮುಕಿ, ಮಾಟಿ ಮೂರು ತಿಂಗಳು ಪೆಟ್ಟಿಗೆಯಲ್ಲಿರಲಿ. ಮಾಗದ ಗೆರೆಯನ್ನು ಭಾರ ಕೆಳಗೆಳೆದರೆ ಹಾಲೆ ಕೆನ್ನೆಗೆ ಅಂಟಿದಂತೆ ಜೋಲುತ್ತದೆ.

ಹುಬ್ಬು ಏರದಿದ್ದರೆ, ತುಟಿಯ ಒಂದು ಕೊನೆ ಇಳಿದಿದ್ದರೆ ಅದು ಬೇರೆ ನರದ ವಿಷಯ. ಹೆಚ್ಚಿನವು ತಾತ್ಕಾಲಿಕ, ಆದರೂ ಕಂಡ ದಿನವೇ ತಿಳಿಸಿ.

ಒಂದು ಸಿಗರೇಟು ಸೇದಿದರೆ ಏನಾದೀತು?

ಕಿವಿಯ ಹಿಂದಿನ ಚರ್ಮಕ್ಕೆ ರಕ್ತ ಬರುವುದೇ ದೂರದಿಂದ, ಶಸ್ತ್ರಚಿಕಿತ್ಸೆಯಲ್ಲಿ ಎಬ್ಬಿಸಿದ ಚರ್ಮದ ಹೊದಿಕೆಯ ಕೊನೆಯ ಅಂಚು ಅದು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ. ಆ ಅಂಚು ಕಪ್ಪಗಾಗಿ ಸತ್ತರೆ ಅಗಲ ಕಲೆ ಖಂಡಿತ. 1984ರ ಅಮೆರಿಕದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಸೇದುವವರಿಗೆ ಚರ್ಮ ಸಾಯುವ ಅಪಾಯ ಸುಮಾರು 12 ಪಟ್ಟು ಹೆಚ್ಚೆಂದು ಕಂಡಿತು. ಮುಂಚೆ ನಾಲ್ಕು ವಾರ, ಆಮೇಲೆ ನಾಲ್ಕು ವಾರ ಬಿಡಿ ಎನ್ನುವುದು ಸಾಮಾನ್ಯ ಸಲಹೆ. ನಿಕೋಟಿನ್ ಇರುವ ಚೂಯಿಂಗ್ ಗಮ್, ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು, ಜರ್ದಾ, ಗುಟ್ಕಾ ಎಲ್ಲವೂ ಇದರಲ್ಲೇ ಸೇರಿದವು. “ನಾನು ಸೇದುವುದಿಲ್ಲ, ಬರೀ ಎಲೆ ಹಾಕುತ್ತೇನೆ” ಎನ್ನುವವರು ಎಲೆಯೊಳಗೆ ಏನಿದೆ ಎಂದೂ ಹೇಳಬೇಕು.

ಊಟ?

ಮೊದಲ ವಾರ ದವಡೆಗೆ ಕೆಲಸ ಕಡಿಮೆ: ಗಂಜಿ, ರಾಗಿ ಅಂಬಲಿ, ಮೆತ್ತನೆಯ ಅನ್ನ ತೊವ್ವೆ, ಇಡ್ಲಿ. ಮುದ್ದೆ ಜಗಿಯದೆ ನುಂಗುವ ಪದಾರ್ಥ, ಪರವಾಗಿಲ್ಲ. ಚಕ್ಕುಲಿ, ಕೋಡುಬಳೆ, ಕಬ್ಬು ದೂರವಿರಲಿ. ಉಪ್ಪಿನಕಾಯಿ ಹಪ್ಪಳ ಊತ ಹೆಚ್ಚಿಸುತ್ತವೆ. ಗಾಯ ಮಾಯಲು ಪ್ರೋಟೀನ್ ಬೇಕು, ಆದ್ದರಿಂದ ಬೇಳೆ, ಮೊಸರು, ಮೊಟ್ಟೆ, ಮೀನು ಧಾರಾಳವಾಗಿ. ಗಾಯಕ್ಕೆ ಮೊಸರು ನಂಜು, ಬದನೆ ನಂಜು ಎಂದು ಪಥ್ಯ ಹಿಡಿಸಿ ಬರೀ ತಿಳಿಸಾರಿನಲ್ಲಿ ಇಡುವ ಮನೆಗಳಿವೆ, ಇದು ಗಾಯವನ್ನು ಉಪವಾಸ ಕೆಡವಿದಂತೆ. ಸಕ್ಕರೆ ಕಾಯಿಲೆಯವರಿಗೆ ಮಾತ್ರ ಸಿಹಿಯ ಪಥ್ಯ ಈಗ ಇನ್ನೂ ಬಿಗಿ.

ಕೆಲಸ, ಪೂಜೆ, ವ್ಯಾಯಾಮ, ಗಾಡಿ?

ಮನೆಯೊಳಗೆ ಓಡಾಟ ಮರುದಿನದಿಂದಲೇ ಬೇಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದಲ್ಲ. ಕಚೇರಿಗೆ ಎರಡು ಮೂರು ವಾರ. ಬಗ್ಗಿ ರಂಗೋಲಿ ಹಾಕುವುದು, ಸಾಷ್ಟಾಂಗ ನಮಸ್ಕಾರ, ಸೂರ್ಯನಮಸ್ಕಾರ, ಶೀರ್ಷಾಸನ, ಭಾರದ ಕೊಡ, ಮೊಮ್ಮಗುವನ್ನು ಎತ್ತುವುದು ನಾಲ್ಕರಿಂದ ಆರು ವಾರ ಕೈಬಿಡಿ. ಅಷ್ಟು ದಿನ ದೇವರಿಗೆ ನಿಂತೇ ಕೈಮುಗಿಯಿರಿ. ಹೆಲ್ಮೆಟ್ ಹಾಕುವಾಗ ತೆಗೆಯುವಾಗ ಕಿವಿಯನ್ನು ಉಜ್ಜುತ್ತದೆ. ಹಾಕದೆ ಗಾಡಿ ಓಡಿಸುವುದು ಇದಕ್ಕೆ ಪರಿಹಾರವಲ್ಲ, ಕೆಲವು ವಾರ ಬೈಕನ್ನೇ ಬಿಡಿ. ತಲೆಯ ಮೇಲಿಂದ ಎಳೆದುಕೊಳ್ಳುವ ಬನಿಯನ್ನಿನ ಬದಲು ಗುಂಡಿ ಇರುವ ಅಂಗಿ.

ಮದುವೆಯಂಥ ಸಮಾರಂಭವಿದ್ದರೆ ಮೂರು ತಿಂಗಳ ಅಂತರ ಇಟ್ಟುಕೊಳ್ಳಿ. ಗಂಡಸರು ಕ್ಷೌರ ಮಾಡಿಕೊಳ್ಳುವಾಗ ಜೋಮಿನ ಚರ್ಮದಲ್ಲಿ ಬ್ಲೇಡ್ ತಾಗಿದ್ದು ತಿಳಿಯದು, ಮೊದಮೊದಲು ವಿದ್ಯುತ್ ಯಂತ್ರವೇ ಕ್ಷೇಮ. ಕಿವಿಯ ಮುಂದಿನ ರೋಮವಿಲ್ಲದ ಪಟ್ಟಿ ಕಿರಿದಾದದ್ದು ಕಂಡರೆ ಆಶ್ಚರ್ಯ ಬೇಡ, ಗಡ್ಡದ ಚರ್ಮವೇ ಅಲ್ಲಿಗೆ ಸರಿದಿರುತ್ತದೆ.

ಹೊಲಿಗೆಯ ಹತ್ತಿರ ಕೂದಲು ಉದುರುತ್ತಿದೆ. ಬಣ್ಣ ಹಚ್ಚಬಹುದೇ?

ಎಳೆತದ ಆಘಾತಕ್ಕೆ ಉದುರಿದ ಕೂದಲು ಹೆಚ್ಚಾಗಿ ಮೂರು ನಾಲ್ಕು ತಿಂಗಳಲ್ಲಿ ಮರಳಿ ಬರುತ್ತದೆ. ಬಣ್ಣಕ್ಕೆ, ಮೆಹಂದಿಗೆ ನಾಲ್ಕರಿಂದ ಆರು ವಾರ ತಡೆಯಿರಿ. ಬುದ್ಧಿವಂತರು ಶಸ್ತ್ರಚಿಕಿತ್ಸೆಯ ಹಿಂದಿನ ವಾರವೇ ಹಚ್ಚಿಕೊಂಡು ಬರುತ್ತಾರೆ.

ಮೊದಲ ದಿನಗಳು ದಾಟಿದ ಮೇಲೂ ಯಾವುದಕ್ಕೆ ತಕ್ಷಣ ವೈದ್ಯರ ಬಳಿ ಹೋಗಬೇಕು?

ಜ್ವರ, ಹೆಚ್ಚುತ್ತಾ ಹೋಗುವ ನೋವು, ಕೀವು, ದುರ್ವಾಸನೆ, ಹೊಲಿಗೆಯ ಸುತ್ತ ಹಬ್ಬುವ ಬಿಸಿ ಕೆಂಪು, ಚರ್ಮ ಕಪ್ಪಗಾಗುವುದು, ಊಟದ ಹೊತ್ತಿಗೆ ಕೆನ್ನೆ ಊದಿ ತಿಳಿನೀರು ಸೋರುವುದು (ಇದು ಜೊಲ್ಲುಗ್ರಂಥಿಯಿಂದ ಬರಬಹುದು), ಕಾಲಿನ ಮೀನಖಂಡದ ಊತ, ಉಸಿರಾಟದ ತೊಂದರೆ. ಕೊನೆಯದಕ್ಕೆ ಕ್ಲಿನಿಕ್ಕಿನ ದಾರಿ ಹಿಡಿಯದೆ ನೇರವಾಗಿ ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ.

ವಿದೇಶದಿಂದ ರಜೆಗೆ ಬಂದು ಮಾಡಿಸಿಕೊಂಡರೆ ಎಷ್ಟು ದಿನಕ್ಕೆ ಹಿಂದಿರುಗಬಹುದು?

ಕೊನೆಯ ಹೊಲಿಗೆ ತೆಗೆದು ವೈದ್ಯರು ಇನ್ನೊಮ್ಮೆ ನೋಡುವವರೆಗೆ, ಅಂದರೆ ಎರಡರಿಂದ ಮೂರು ವಾರ, ಟಿಕೆಟ್ ಮಾಡಿಸಬೇಡಿ. ಏನು ಮಾಡಿದರು ಎಂಬ ವರದಿಯನ್ನು ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಆರನೆಯ ವಾರದ ಕೆಂಪು ಗೆರೆಯನ್ನು ನೋಡುವವರು ಅಲ್ಲಿನ ವೈದ್ಯರು.

ವರ್ಷವಾದರೂ ಗೆರೆ ಕಾಣುತ್ತಿದ್ದರೆ?

ಕೆಂಪು ಉಳಿದಿದ್ದರೆ ರಕ್ತನಾಳಗಳನ್ನು ಗುರಿಯಾಗಿಸುವ ಲೇಸರ್ ಇದೆ, ಅದನ್ನು ಕೆಲವರು ಮೊದಲ ತಿಂಗಳುಗಳಲ್ಲೇ ಶುರು ಮಾಡುತ್ತಾರೆ. ನಮ್ಮ ಚರ್ಮಕ್ಕೆ ಲೇಸರಿನ ಶಕ್ತಿಯನ್ನು ಅಳೆದು ಕೊಡುವ ಅನುಭವಿಯ ಕೈ ಬೇಕು, ಇಲ್ಲವಾದರೆ ಕೆಂಪು ಹೋಗಿ ಕಪ್ಪು ಬರುತ್ತದೆ. ಅಗಲವಾದ ಗೆರೆಯನ್ನು ಕತ್ತರಿಸಿ ಮತ್ತೆ ಹೊಲಿಯುವುದಕ್ಕೂ ಜೋತ ಹಾಲೆಯನ್ನು ಸರಿಪಡಿಸುವುದಕ್ಕೂ ಆರು ತಿಂಗಳಿಂದ ಒಂದು ವರ್ಷ ಕಾಯಿಸುತ್ತಾರೆ, ಚರ್ಮ ಮತ್ತೆ ಸಡಿಲಗೊಂಡ ಮೇಲೆ ಎಳೆತವಿಲ್ಲದೆ ಹೊಲಿಯಬಹುದೆಂದು. ಮೂರನೆಯ ತಿಂಗಳಿಗೇ ಮತ್ತೆ ಕತ್ತರಿಸಲು ಒಪ್ಪುವವರು ಸಿಕ್ಕರೆ, ಇನ್ನೊಬ್ಬ ಪ್ಲಾಸ್ಟಿಕ್ ಸರ್ಜನ್ ಬಳಿ ಒಂದು ಮಾತು ಕೇಳಿಕೊಂಡು ಬನ್ನಿ.